ಹಳೇ ರೇಡಿಯೋ ಪೆಟ್ಟಿಗೆಗೆ ಯಾವ ಪಾಲಿಶ್? ಉಜ್ಜೋ ಮುಂಚೆ ಸ್ಪಿರಿಟ್ ಹಚ್ಚಿ ನೋಡಿ

ಮುಂಬೈನ ಚೋರ್ ಬಜಾರಲ್ಲೋ ಪುಣೆಯ ಜುನಾ ಬಜಾರಲ್ಲೋ ಚೌಕಾಸಿ ಮಾಡಿ ಒಂದು ಹಳೇ ಮರ್ಫಿನೋ ಬುಷ್ಷೋ ರೇಡಿಯೋ ತರ್ತಾರೆ, ಮಾರನೇ ದಿನಾನೇ ಸೋಫಾ ಪಾಲಿಶ್ ಮಾಡೋವ್ರ ಕೈಗೆ ಕೊಟ್ಬಿಡ್ತಾರೆ, ಅವ್ರು ಮಶೀನ್ ಹಿಡಿದು ಉಜ್ಜಿ ಮೆಲಮೈನ್ ಅನ್ನೋ ಗಟ್ಟಿ ಪಾಲಿಶ್ ಹೊಡೆದು ಕೊಡ್ತಾರೆ. ಫಳಫಳ ಹೊಳೆಯುತ್ತೆ ನಿಜ, ಆದ್ರೆ ಅಂಚಿನ ಆ ಕಪ್ಪು ಕಂದು ಪಟ್ಟಿ ಮಾಯ. ಎಷ್ಟೋ ಪೆಟ್ಟಿಗೆಗಳಲ್ಲಿ ಆ ಬಣ್ಣ ಮರದ್ದಲ್ಲ, ಫ್ಯಾಕ್ಟರಿಯಲ್ಲಿ ಲ್ಯಾಕರಿಗೇ (ಬೇಗ ಆರೋ ಹೊಳಪಿನ ಲೇಪಕ್ಕೇ) ಬಣ್ಣ ಬೆರೆಸಿ ಸ್ಪ್ರೇ ಮಾಡಿರ್ತಿದ್ರು. ಉಜ್ಜಿದ್ರೆ ಕೆಳಗೆ ಬಿಳಿಚಿದ ಅಗ್ಗದ ಮರ, ಇನ್ನೂ ಉಜ್ಜಿದ್ರೆ ಮೇಲೆ ಅಂಟಿಸಿರೋ ಕಾಗದದಂಥ ತೆಳು ಮರದ ಹಾಳೆ, ಅಂದ್ರೆ ವೆನೀರೂ ತೂತು.

ಮೊದಲು ಚಾಸಿ (ಒಳಗಿನ ಯಂತ್ರ ಕೂತಿರೋ ಲೋಹದ ಚೌಕಟ್ಟು), ನಾಬ್, ಡಯಲ್ ಗಾಜು, ಸ್ಪೀಕರ್ ಬಟ್ಟೆ ಎಲ್ಲಾ ಬಿಚ್ಚಿಡಿ. ಲ್ಯಾಕರ್ ಕರಗಿಸೋ ಥಿನ್ನರ್ ಒಂದು ಹನಿ ಬಿದ್ರೂ ಡಯಲ್ ಮೇಲಿನ ಸ್ಟೇಶನ್ ಹೆಸರು ಅಳಿಸಿಹೋಗುತ್ತೆ.

ಈಗ ಮುಖ್ಯ ಕೆಲಸ. ತಳದ ಹತ್ರ ಕಣ್ಣಿಗೆ ಬೀಳದ ಒಂದು ಮೂಲೇನ ಟರ್ಪೆಂಟೈನಲ್ಲಿ ಒರೆಸಿ, ಯಾಕಂದ್ರೆ ಹಳೇ ಮೇಣ, ಅಡುಗೆಮನೆ ಜಿಡ್ಡು ಇದ್ರೆ ಪರೀಕ್ಷೆ ತಪ್ಪು ಉತ್ತರ ಕೊಡುತ್ತೆ. ಒಣಗಿದ ಮೇಲೆ ಹತ್ತಿಗೆ ಸ್ಪಿರಿಟ್ ಹಾಕಿ ಅರ್ಧ ನಿಮಿಷ ಅಲ್ಲೇ ಒತ್ತಿ ಹಿಡೀರಿ. ಬೆರಳಿಗೆ ಅಂಟಂಟು, ಹತ್ತಿಗೆ ಕಂದು ಬಣ್ಣ ಬಂತಾ, ಅದು ಶೆಲ್ಯಾಕ್, ಅಂದ್ರೆ ಅರಗಿನಿಂದ ಮಾಡಿದ ಪಾಲಿಶ್. ಏನೂ ಆಗ್ಲಿಲ್ಲ ಅಂದ್ರೆ ಪಕ್ಕದ ಜಾಗದಲ್ಲಿ ಲ್ಯಾಕರ್ ಥಿನ್ನರ್ ಹಚ್ಚಿ, ಕೂಡಲೇ ಕರಗಿದ್ರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್, 1950ರ ಆಸುಪಾಸಿನ ಫ್ಯಾಕ್ಟರಿ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಇದೇ. ಎರಡಕ್ಕೂ ಜಗ್ಗದೇ ಬರೀ ಸುಕ್ಕಾದ್ರೆ ಅಥವಾ ಏನೂ ಆಗದಿದ್ರೆ ಆಮೇಲೆ ಯಾರೋ ವಾರ್ನಿಶ್ಶೋ ಪಿಯುನೋ (ಪಾಲಿಯುರೆಥೇನ್) ಬಳಿದಿದ್ದಾರೆ ಅಂತ ಲೆಕ್ಕ.

ಉತ್ತರ ಸಿಕ್ಕಿದ್ರೆ ಆಯ್ಕೆ ಸುಲಭ. ಶೆಲ್ಯಾಕ್ ಮೇಲೆ ಶೆಲ್ಯಾಕೇ, ಲ್ಯಾಕರ್ ಮೇಲೆ ಲ್ಯಾಕರೇ. ಹೊಸ ಕೋಟು ಹಳೇದನ್ನ ಸ್ವಲ್ಪ ಕರಗಿಸಿ ಒಂದಾಗುತ್ತೆ, ಸಣ್ಣ ಬಿರುಕು ಮುಚ್ಚಿಹೋಗುತ್ತೆ, ಪೂರ್ತಿ ಕೆರೆಯೋದೇ ಬೇಡ. ಪಿಯು, ಮೆಲಮೈನ್ ಹಾಗಲ್ಲ, ಒಮ್ಮೆ ಗಟ್ಟಿಯಾದ್ರೆ ಮತ್ತೆ ಕರಗಲ್ಲ, ಮುಂದೆ ರಿಪೇರಿ ಮಾಡೋವ್ರು ಮರಾನೇ ಕೆರೀಬೇಕು. ಹಳೇ ರೇಡಿಯೋಗೆ ಅದು ಬೇಡ್ವೇ ಬೇಡ. ಸ್ಟೇನ್ (ಮರಕ್ಕೆ ಕೊಡೋ ಬಣ್ಣ) ಮತ್ತು ವಾರ್ನಿಶ್ ಒಂದೇ ಡಬ್ಬೀಲಿ ಬರೋದನ್ನೂ ಮುಟ್ಬೇಡಿ, ಮರದ ಎಳೇನೇ ಮುಚ್ಚಿ ಕೆಸರು ಬಳಿದಂಗಾಗುತ್ತೆ.

ಶೆಲ್ಯಾಕಿಗೆ ಒಂದು ಲೀಟರ್ ಸ್ಪಿರಿಟ್ಟಿಗೆ 120 ಗ್ರಾಂ ಚಪಡಾ (ಶೆಲ್ಯಾಕಿನ ಒಣ ಚಕ್ಕೆ), ಒಂದು ರಾತ್ರಿ ನೆನೆಸಿ ಸೋಸಿ. ಯಾವಾಗ್ಲೋ ಕಲಸಿಟ್ಟ ಬಾಟಲಿ ತರ್ಬೇಡಿ, ಹಳೇದಾದ್ರೆ ಗಟ್ಟಿಯಾಗಿ ಒಣಗಲ್ಲ. ಬಿಸಿ ಚಹಾ ಕಪ್ ಇಟ್ರೆ ಬಿಳಿ ಕಲೆ ಬೀಳುತ್ತೆ, ಆದ್ರೂ ಮನೇಲೇ ಕೈಯಿಂದ ಮಾಡೋವ್ರಿಗೆ ನಾನು ಇದನ್ನೇ ಹೇಳ್ತೀನಿ.

ಲ್ಯಾಕರ್ ಸ್ಪ್ರೇ ಮಾಡೋವ್ರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೈ ಕಟ್ಟಿ ಕೂತ್ಕೊಳ್ಳಿ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳೀಲಿರೋ ತೇವ ಅದರ ಮೇಲೇ ಕೂರುತ್ತೆ, ಪೆಟ್ಟಿಗೆ ಪೂರಾ ಬೆಳ್ಳಗೆ ಮಂಜು ಹಿಡಿದಂತಾಗುತ್ತೆ. ಡೋಂಬಿವಲಿ, ಠಾಣೆ ಕಡೆ ಮಳೆಗಾಲ ಕಳೆದ ಮೇಲೂ ಕೆಲವು ದಿನ ಹೀಗೇ, ಆಗ ನಿಧಾನವಾಗಿ ಆರೋ ರಿಟಾರ್ಡರ್ ಥಿನ್ನರ್ ತೆಳ್ಳಗೆ ಸ್ಪ್ರೇ ಮಾಡಿದ್ರೆ ಬಿಳುಪು ಸಾಮಾನ್ಯವಾಗಿ ಹೋಗುತ್ತೆ. ಬಾಲ್ಕನಿಯಲ್ಲಿ ಮಾಡ್ತೀರಾದ್ರೆ ಒಳಗಿನ ಗ್ಯಾಸು, ದೇವರ ದೀಪ ಎರಡೂ ಆರಿಸಿ, ಆವಿಗೆ ಥಟ್ಟಂತ ಬೆಂಕಿ ಹತ್ತುತ್ತೆ. ಬಟ್ಟೆ ಮಾಸ್ಕ್ ಸಾಲದು, ಆವಿ ಸೋಸೋ ಕಾರ್ಟ್ರಿಜ್ ಇರೋ ಮಾಸ್ಕೇ ಹಾಕಿ.

ಎರಡು ಮೂರು ವಾರ ಗಟ್ಟಿಯಾಗೋಕೆ ಬಿಡಿ, ಆಮೇಲೆ 0000 ನಂಬರಿನ ಅತಿ ನಯವಾದ ಸ್ಟೀಲ್ ವೂಲಿಗೆ (ಉಕ್ಕಿನ ನಾರಿಗೆ) ಮೇಣ ಹಚ್ಚಿ ಎಳೆ ಹೋದ ದಿಕ್ಕಲ್ಲೇ ತಿಕ್ಕಿ. ಸ್ಪೀಕರ್ ವಾಪಸ್ ಕೂರಿಸೋ ಮುಂಚೆ ಪೆಟ್ಟಿಗೆ ಒಳಗೆಲ್ಲಾ ಬ್ರಶ್ ಆಡಿಸಿ, ಕಬ್ಬಿಣದ ಒಂದು ಚೂರು ಉಳಿದ್ರೂ ಆಯಸ್ಕಾಂತಕ್ಕೆ ಅಂಟಿ ದನಿ ಕೆಡುತ್ತೆ.