ಉಯಿಲಿನಲ್ಲಿ ವಿಶ್ವವಿದ್ಯಾಲಯಕ್ಕೊಂದು ಸಾಲು: ಬರೆಯುವುದು ಹೇಗೆ?

ಓದಿಸಿದ ವಿಶ್ವವಿದ್ಯಾಲಯಕ್ಕೆ ಏನಾದರೂ ಕೊಡಬೇಕೆಂಬ ಆಸೆ ಹಲವರಿಗಿರುತ್ತದೆ. ಆದರೆ ಮುಂದೆ ಆಸ್ಪತ್ರೆ ಖರ್ಚು ಎಷ್ಟು ಬರುವುದೋ ಎಂಬ ಅಳುಕಿನಿಂದ ಕೈ ಹಿಂಜರಿಯುತ್ತದೆ. ಅಂಥವರಿಗೆ ಉಯಿಲು ಅನುಕೂಲದ ದಾರಿ. ಬದುಕಿರುವವರೆಗೆ ಆಸ್ತಿ ನಿಮ್ಮದೇ. ಮನಸ್ಸು ಬದಲಾದರೆ ಉಯಿಲನ್ನೂ ಬದಲಿಸಬಹುದು. ತೊಡಕೆಲ್ಲ ಇರುವುದು ದಾನದ ಆ ಒಂದು ವಾಕ್ಯವನ್ನು ಬರೆಯುವುದರಲ್ಲಿ.

ಮೊದಲು ಆಸ್ತಿ ಮತ್ತು ಸಾಲಗಳ ಪಟ್ಟಿ ಮಾಡಿ. ಜಂಟಿ ಹೆಸರಿನ ಖಾತೆ, ವಿಮೆ, ಪಿಂಚಣಿಯಂಥವು ಎಷ್ಟೋ ಕಡೆ ಉಯಿಲಿನ ಹಿಡಿತಕ್ಕೇ ಸಿಗುವುದಿಲ್ಲ. ಹೆಂಡತಿ ಮಕ್ಕಳ ಪಾಲನ್ನು ಕಾನೂನೇ ಕಾದಿರಿಸುವ ದೇಶಗಳೂ ಇವೆ. ನಿಮ್ಮಲ್ಲಿ ಹೇಗೆಂದು ವಕೀಲರನ್ನು ಕೇಳಿ.

ಎರಡನೆಯದು, ಯಾವ ರೂಪದಲ್ಲಿ ಕೊಡುವುದು? ಇಷ್ಟೇ ಮೊತ್ತವೆಂದು ಬರೆದರೆ ಇಪ್ಪತ್ತು ವರ್ಷಗಳ ಹಣದುಬ್ಬರ ಅದನ್ನು ತಿಂದುಹಾಕುತ್ತದೆ. ನಿವೇಶನವನ್ನು ಬರೆದಿಟ್ಟು, ಆಮೇಲೆ ನೀವೇ ಅದನ್ನು ಮಾರಿಬಿಟ್ಟರೆ ದಾನವೂ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ನನಗೆ ಮೆಚ್ಚುಗೆಯಾದದ್ದು ಉಳಿಕೆಯಲ್ಲಿ ಪಾಲು ಕೊಡುವ ಕ್ರಮ: ಸಾಲ, ಖರ್ಚು, ಮನೆಯವರ ಭಾಗ ಎಲ್ಲ ಕಳೆದು ಉಳಿದದ್ದರಲ್ಲಿ ಶೇ 10 ಎಂದು ಬರೆಯುವುದು. ಮನೆಯವರೇ ಇಲ್ಲವಾದರೆ ಮಾತ್ರ ಸಂಸ್ಥೆಗೆ ಎಂದೂ ಬರೆಯಬಹುದು. ಇಂಗ್ಲೆಂಡಿನ ವಿಜ್ಞಾನಿ ಜೇಮ್ಸ್ ಸ್ಮಿತ್ಸನ್ 1826ರಲ್ಲಿ ಹಾಗೆಯೇ ಬರೆದ. ಆಸ್ತಿ ಪಡೆದ ಅವನ ಸೋದರಳಿಯ ಸಂತಾನವಿಲ್ಲದೆ ತೀರಿಕೊಂಡದ್ದರಿಂದ ಅದು ಅಮೆರಿಕಕ್ಕೆ ಹೋಯಿತು. ಸ್ಮಿತ್ಸನ್ ಒಮ್ಮೆಯೂ ಕಾಲಿಡದ ಆ ದೇಶದಲ್ಲಿ 1846ರಲ್ಲಿ, ಇಂದು ವಸ್ತುಸಂಗ್ರಹಾಲಯಗಳಿಗೆ ಹೆಸರಾದ ಸ್ಮಿತ್ಸೋನಿಯನ್ ಸಂಸ್ಥೆ ಹುಟ್ಟಿತು.

ಮೂರನೆಯದು ಹೆಸರು. ‘ನಾನು ಓದಿದ ಕಾಲೇಜಿಗೆ’ ಎಂದರೆ ಸಾಲದು. ಕಾಲೇಜು ಇನ್ನೊಂದರಲ್ಲಿ ವಿಲೀನವಾಗಿರಬಹುದು, ದೇಣಿಗೆ ಪಡೆಯಲು ಬೇರೆಯೇ ಪ್ರತಿಷ್ಠಾನ ಇರಬಹುದು. ಕಾನೂನುಬದ್ಧ ಹೆಸರನ್ನು ಕುಲಸಚಿವರ ಕಚೇರಿಯಿಂದ ಬರವಣಿಗೆಯಲ್ಲೇ ತರಿಸಿಕೊಳ್ಳಿ.

ಹೆಚ್ಚು ಜನ ಎಡವುವುದು ನಾಲ್ಕನೆಯದರಲ್ಲಿ, ಅಂದರೆ ಉದ್ದೇಶದಲ್ಲಿ. ‘ಇಂಥ ವಿಭಾಗದ, ಇಂಥ ವಿಷಯದ, ಇಂಥ ಊರಿನ ವಿದ್ಯಾರ್ಥಿಗೆ’ ಎಂದು ಬಿಗಿದಷ್ಟೂ ಅರ್ಹರು ಸಿಗದೆ ಹಣ ಕೊಳೆಯುತ್ತದೆ. 1902ರಲ್ಲಿ ತೀರಿಕೊಂಡ, ದಕ್ಷಿಣ ಆಫ್ರಿಕಾದ ವಜ್ರದ ಗಣಿಗಳ ಒಡೆಯ ಸೆಸಿಲ್ ರೋಡ್ಸ್ ಆಕ್ಸ್‌ಫರ್ಡಿನಲ್ಲಿ ಓದುವವರಿಗೆಂದು ಇಟ್ಟ ವಿದ್ಯಾರ್ಥಿವೇತನ ಗಂಡಸರಿಗಷ್ಟೇ ಮೀಸಲಾಗಿತ್ತು. ಬ್ರಿಟನ್ನಿನ ಕಾನೂನು ಬದಲಾಗಿ, 1977ರಲ್ಲಷ್ಟೇ ಅದು ಹೆಣ್ಣುಮಕ್ಕಳಿಗೆ ತೆರೆಯಿತು. ಆದ್ದರಿಂದ ವಾಕ್ಯ ಸುಮಾರಾಗಿ ಹೀಗಿರಲಿ:

“ನನ್ನ ಉಳಿಕೆ ಆಸ್ತಿಯ ಶೇ 10 ಭಾಗವನ್ನು ಇಂಥ ವಿಶ್ವವಿದ್ಯಾಲಯಕ್ಕೆ, ರಸಾಯನಶಾಸ್ತ್ರ ಓದುವ ಬಡ ವಿದ್ಯಾರ್ಥಿಗಳ ನೆರವಿಗಾಗಿ ಕೊಡುತ್ತೇನೆ. ಮುಂದೆ ಈ ಉದ್ದೇಶ ಅಸಾಧ್ಯವಾದರೆ, ಇದಕ್ಕೆ ಹತ್ತಿರವಾದ ಇನ್ನೊಂದು ಉದ್ದೇಶಕ್ಕೆ ಆಡಳಿತ ಮಂಡಳಿ ಬಳಸಬಹುದು.”

ಎರಡನೆಯ ವಾಕ್ಯವನ್ನು ಬಿಡಬೇಡಿ. ಮೂಲಧನವನ್ನು ಉಳಿಸಿಕೊಂಡು ಅದರ ಆದಾಯದಿಂದ ನಡೆಯುವ ಶಾಶ್ವತ ದತ್ತಿನಿಧಿಯಾದರೆ ಲೆಕ್ಕವನ್ನೂ ಹಾಕಿ: ವರ್ಷಕ್ಕೆ ಶೇ 4 ಮಾತ್ರ ಖರ್ಚು ಮಾಡುವ ನಿಧಿಯಲ್ಲಿ ಒಂದು ವಿದ್ಯಾರ್ಥಿವೇತನಕ್ಕೆ ಅದರ 25 ಪಟ್ಟು ಮೂಲಧನ ಬೇಕು. ಅಷ್ಟಿಲ್ಲದಿದ್ದರೆ ಹತ್ತು ವರ್ಷಗಳಲ್ಲಿ ಪೂರ್ತಿ ಖರ್ಚಾಗಲಿ ಎಂದು ಬರೆಯುವುದರಲ್ಲಿ ಅವಮಾನವೇನಿಲ್ಲ.

ಇನ್ನು ಸಹಿ, ಸಾಕ್ಷಿ. ಉಯಿಲಿನಿಂದ ಲಾಭ ಪಡೆಯುವವರನ್ನು ಸಾಕ್ಷಿಯಾಗಿ ನಿಲ್ಲಿಸಬೇಡಿ. ಎಷ್ಟೋ ದೇಶಗಳಲ್ಲಿ ಅವರ ಪಾಲೇ ರದ್ದಾಗುತ್ತದೆ.

ಕೊನೆಗೆ, ವಿಶ್ವವಿದ್ಯಾಲಯಕ್ಕೂ ಮನೆಯವರಿಗೂ ಹೇಳಿಬಿಡಿ. ಆಲ್ಫ್ರೆಡ್ ನೊಬೆಲ್ 1895ರಲ್ಲಿ ವಕೀಲರ ನೆರವಿಲ್ಲದೆ ಉಯಿಲು ಬರೆದ. ಬಹುಮಾನ ಹಂಚಬೇಕಾದ ಸಂಸ್ಥೆಗಳನ್ನು ಒಂದು ಮಾತೂ ಕೇಳಿರಲಿಲ್ಲ. ಬಂಧುಗಳು ತಕರಾರೆತ್ತಿದರು, ಸಂಸ್ಥೆಗಳು ಹಿಂದೆಮುಂದೆ ನೋಡಿದವು. ಉಯಿಲಿನ ನಿರ್ವಾಹಕ ರಾಗ್ನರ್ ಸೋಲ್ಮನ್ ಪ್ಯಾರಿಸ್ಸಿನಲ್ಲಿ ಷೇರುಪತ್ರಗಳನ್ನು ಕುದುರೆ ಗಾಡಿಯಲ್ಲಿ ಸಾಗಿಸುವಾಗ ರಿವಾಲ್ವರ್ ಹಿಡಿದು ಕೂತಿದ್ದನಂತೆ. ಮೊದಲ ಬಹುಮಾನ ಬಂದದ್ದು 1901ರಲ್ಲಿ. ನಿಮ್ಮ ನಿರ್ವಾಹಕನಿಗೆ ಅಷ್ಟು ಕಷ್ಟ ಕೊಡಬೇಡಿ; ಮೂಲಪ್ರತಿ ಎಲ್ಲಿದೆಯೆಂದಾದರೂ ತಿಳಿಸಿ. ನಿಮ್ಮೊಬ್ಬರ ಹೆಸರಿನ ಲಾಕರಿನಲ್ಲಿ ಮಾತ್ರ ಇಡಬೇಡಿ. ಅದನ್ನು ತೆರೆಯಲು ಬ್ಯಾಂಕು ಉಯಿಲನ್ನೇ ಕೇಳಬಹುದು.