ಸ್ಕೌಟ್ಸ್ ಮತ್ತು ಗೈಡ್ಸ್ ಶಿಕ್ಷಕರ ತರಬೇತಿ: ತಂಡ ಕಟ್ಟುವುದು ಹೇಗೆ, ಶಿಬಿರ ನಡೆಸುವುದು ಹೇಗೆ?

ಶಾಲೆಯೊಂದರಲ್ಲಿ ಹುಡುಗರ ಸ್ಕೌಟ್ ದಳವೋ ಹುಡುಗಿಯರ ಗೈಡ್ ಕಂಪನಿಯೋ ಹತ್ತಾರು ವರ್ಷ ಉಳಿಯುವುದು ಅದನ್ನು ನಡೆಸುವ ಸ್ಕೌಟ್ ಮಾಸ್ಟರ್ ಅಥವಾ ಗೈಡ್ ಕ್ಯಾಪ್ಟನ್ ಅವರಿಂದ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಈ ಹೊಣೆ ಹೊತ್ತವರಲ್ಲಿ ಹೆಚ್ಚಿನವರು ಶಾಲಾ ಶಿಕ್ಷಕರು. ಪಾಠ, ಬಿಸಿಯೂಟ, ಗಣತಿ, ಚುನಾವಣೆ ಕೆಲಸಗಳ ನಡುವೆ ಸ್ವಂತ ಆಸಕ್ತಿಯಿಂದ ಸಮಯ ಕೊಡುವವರು. ಇವರಿಗೆ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಲ್ಲಿ ಬೇಸಿಕ್, ಅಡ್ವಾನ್ಸ್ಡ್, ಹಿಮಾಲಯ ವುಡ್ ಬ್ಯಾಡ್ಜ್ ಎಂಬ ಮೆಟ್ಟಿಲುಗಳ ತರಬೇತಿಯಿದೆ. ಅಂಥ ಒಂದು ಶಿಬಿರ ಚೆನ್ನಾಗಿ ನಡೆಯಬೇಕಾದರೆ ಜಾಗ, ಊಟ, ಡೇರೆಗಳಿಗಿಂತ ಮೊದಲು ಯೋಚಿಸಬೇಕಾದದ್ದು ತರಬೇತಿ ಕೊಡುವವರು ಯಾರು ಎಂಬುದನ್ನು.

ತಂಡದ ಆಯ್ಕೆ

ವುಡ್ ಬ್ಯಾಡ್ಜ್ ಪಡೆದವರ ಕೊರಳಲ್ಲಿ 2 ಮರದ ಮಣಿಗಳು, ಅವರಿಗೆ ತರಬೇತಿ ಕೊಡುವವರಲ್ಲಿ ಸಹಾಯಕ ಲೀಡರ್ ಟ್ರೇನರ್ ಕೊರಳಲ್ಲಿ 3, ಲೀಡರ್ ಟ್ರೇನರ್ ಕೊರಳಲ್ಲಿ 4 ಮಣಿಗಳು ಇರುತ್ತವೆ. ಶಿಬಿರದ ನಾಯಕರನ್ನು ನೇಮಿಸುವಾಗ ಈ ಅರ್ಹತೆಯನ್ನು ನೋಡಲೇಬೇಕು. ಆದರೆ ಮಣಿಗಳನ್ನಷ್ಟೇ ಎಣಿಸಿ ಇಡೀ ತಂಡವನ್ನು ಆರಿಸಬಾರದು. ಈಗಲೂ ತಮ್ಮ ಶಾಲೆಯಲ್ಲಿ ದಳ ನಡೆಸುತ್ತಿದ್ದಾರೆಯೇ, ಮಕ್ಕಳನ್ನು ರಾತ್ರಿ ತಂಗುವ ಶಿಬಿರಕ್ಕೆ ಕೊನೆಯ ಬಾರಿ ಕರೆದೊಯ್ದದ್ದು ಯಾವಾಗ ಎಂಬ ಎರಡು ಪ್ರಶ್ನೆಗಳನ್ನು ಪ್ರತಿಯೊಬ್ಬರಿಗೂ ಕೇಳಬೇಕು. ಹೊಸ ಶಿಕ್ಷಕಿಯೊಬ್ಬರು ಎದ್ದು ನಿಂತು "ನಮ್ ಸಾಲ್ಯಾಗ ಹಗ್ಗಕ್ಕೂ ರೊಕ್ಕ ಇಲ್ರೀ ಸರ್, ಏನ್ ಮಾಡ್ಬೇಕು?" ಎಂದಾಗ, ದಳ ನಡೆಸುತ್ತಿರುವವರು "ಊರಾಗ ರೈತರ ಮನ್ಯಾಗ ಹಳೇ ಹಗ್ಗ ಇರ್ತಾವ್ರಿ ಮೇಡಂ, ನಾವೂ ಹಂಗ ಸುರು ಮಾಡೀವಿ" ಎಂದು ಹೇಳಬಲ್ಲರು. ಬೇರೆಯವರು ನಿಯಮ ಪುಸ್ತಕ ಓದಿ ಹೇಳುತ್ತಾರೆ.

32 ಶಿಬಿರಾರ್ಥಿಗಳಿದ್ದರೆ ಅವರನ್ನು 8 ಜನರ 4 ಪೆಟ್ರೋಲ್‌ಗಳಾಗಿ, ಅಂದರೆ ಒಟ್ಟಿಗೆ ಕೆಲಸ ಮಾಡುವ ಚಿಕ್ಕ ಗುಂಪುಗಳಾಗಿ, ಹಂಚಬಹುದು. ಆಗ ಒಬ್ಬ ನಾಯಕರು, ಪ್ರತಿ ಪೆಟ್ರೋಲ್‌ಗೆ ಒಬ್ಬ ಸಲಹೆಗಾರರು, ಸಾಮಗ್ರಿ ಮತ್ತು ಅಡುಗೆ ನೋಡಿಕೊಳ್ಳುವ ಒಬ್ಬರು ಇದ್ದರೆ ಸಾಕಾಗುತ್ತದೆ. ಈ ಕೊನೆಯವರಿಗೆ ಯಾವ ಪಾಠವನ್ನೂ ವಹಿಸಬಾರದು. ಪಾಠದ ನಡುವೆ ಸಿಲಿಂಡರ್ ಮುಗಿದ ಸುದ್ದಿ ಬಂದರೆ ಎರಡು ಕೆಲಸಗಳೂ ಕೆಡುತ್ತವೆ. ತಂಡದಲ್ಲಿ ಹೊಸದಾಗಿ ವುಡ್ ಬ್ಯಾಡ್ಜ್ ಪಡೆದ ಒಬ್ಬರಾದರೂ ಇರಲಿ, ಏಕೆಂದರೆ ಮುಂದಿನ ವರ್ಷಗಳ ತರಬೇತುದಾರರು ತಯಾರಾಗುವುದು ಇಲ್ಲಿಯೇ. ಉರ್ದು ಶಾಲೆಗಳ ಶಿಕ್ಷಕರು ನಮ್ಮಲ್ಲಿ ಸಾಕಷ್ಟು ಇದ್ದಾರೆ. ಔರಾದ್, ಭಾಲ್ಕಿ ಕಡೆ ಮರಾಠಿ, ಗುರುಮಠಕಲ್ ಕಡೆ ತೆಲುಗು ಮಾತನಾಡುವವರೂ ಇದ್ದಾರೆ. ಅವರ ಮಾತು ಬಲ್ಲ ಒಬ್ಬರು ತಂಡದಲ್ಲಿದ್ದರೆ ಹಿಂದೆ ಕೂತವರು ಕೂಡ ಬಾಯಿಬಿಡುತ್ತಾರೆ. ಗೈಡ್ಸ್ ಶಿಬಿರಕ್ಕೆ ಮಹಿಳೆಯರೇ ನಾಯಕತ್ವ ವಹಿಸಬೇಕು. ಕೊಠಡಿಯ ಚಿಲಕ, ಶೌಚಾಲಯದ ನೀರು, ಹಳ್ಳಿಯಿಂದ ಬರುವ ಬಸ್ಸಿನ ವೇಳೆ, ಇವೆಲ್ಲವನ್ನೂ ಅವರು ಮುಂಚೆಯೇ ಸ್ವತಃ ನೋಡಿಕೊಂಡು ಬರಬೇಕು.

ದಿನಾಂಕ ಮತ್ತು ಆದೇಶ

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುವುದರಿಂದ 7 ದಿನಗಳ ವಸತಿ ಶಿಬಿರಕ್ಕೆ ನವೆಂಬರ್‌ನಿಂದ ಜನವರಿವರೆಗಿನ ಕಾಲವೇ ಒಳ್ಳೆಯದು. ಎಳ್ಳ ಅಮಾವಾಸ್ಯೆಯ ದಿನವನ್ನು ತಪ್ಪಿಸಬೇಕು. ಭಜ್ಜಿ, ಸಜ್ಜೆ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ಆ ದಿನ ಯಾರೂ ಶಿಬಿರದಲ್ಲಿ ಮನಸ್ಸಿಟ್ಟು ಕೂರುವುದಿಲ್ಲ. ರಂಜಾನ್ ತಿಂಗಳನ್ನೂ ಹತ್ತಿರದ ಜಾತ್ರೆ, ಉರುಸುಗಳನ್ನೂ ನೋಡಿಕೊಳ್ಳಬೇಕು. ಶಿಬಿರಾರ್ಥಿಗಳ ಜೊತೆ ತರಬೇತುದಾರರ ಹೆಸರುಗಳೂ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಒ.ಒ.ಡಿ. (ಅನ್ಯ ಕರ್ತವ್ಯದ) ಆದೇಶದಲ್ಲಿ ಇರುವಂತೆ ಮೊದಲೇ ಪತ್ರ ಕೊಡಿ. ಆದೇಶ ಬಾರದೆ ಹೊರಟ ಶಿಕ್ಷಕರು ಏಳೂ ದಿನ ರಜೆಯ ಚಿಂತೆಯಲ್ಲೇ ಇರುತ್ತಾರೆ.

ತಂಡದ ಪೂರ್ವಸಿದ್ಧತೆ

ಹೆಚ್ಚಿನ ಶಿಬಿರಗಳು ಎಡವುವುದು ಇಲ್ಲಿ. ತರಬೇತುದಾರರು ಶಿಬಿರದ ಹಿಂದಿನ ಸಂಜೆ ಬಂದು, ವೇಳಾಪಟ್ಟಿ ಹಂಚಿಕೊಂಡು, ಮರುದಿನ ಪಾಠಕ್ಕೆ ನಿಲ್ಲುತ್ತಾರೆ. ಹಾಗಾಗದಂತೆ ಸುಮಾರು ಒಂದು ತಿಂಗಳ ಮೊದಲೇ ಇಡೀ ತಂಡ ಒಂದು ದಿನ ಎದುರುಬದುರು ಕೂಡಬೇಕು. ಪ್ರತಿಯೊಬ್ಬರೂ ತಮ್ಮ ಪಾಠದ 10 ನಿಮಿಷದ ಭಾಗವನ್ನು ಉಳಿದವರ ಮುಂದೆ ಮಾಡಿ ತೋರಿಸಬೇಕು. ನೋಡಿದವರು ಸಂಕೋಚವಿಲ್ಲದೆ ತಿದ್ದಬೇಕು.

ಕ್ಲೋವ್ ಹಿಚ್ ಗಂಟನ್ನೇ ತೆಗೆದುಕೊಳ್ಳಿ. ಕಲಿಸುವವರು ಎದುರು ನಿಂತು ಗಂಟು ಹಾಕಿದರೆ ಕಲಿಯುವವರಿಗೆ ಎಡ ಬಲ ಅದಲುಬದಲಾಗಿ ಕಾಣುತ್ತದೆ. ಅವರ ಪಕ್ಕದಲ್ಲಿ, ಅವರು ನೋಡುವ ದಿಕ್ಕಿಗೇ ಮುಖ ಮಾಡಿ ನಿಲ್ಲಬೇಕು. ಕೋಲಿಗೆ ಹಗ್ಗವನ್ನು ಒಂದು ಸುತ್ತು ಹಾಕಿ, ಹಗ್ಗವನ್ನು ಅದರ ಮೇಲೆಯೇ ಅಡ್ಡ ದಾಟಿಸಿ, ಎರಡನೆಯ ಸುತ್ತು ಹಾಕಿ, ತುದಿಯನ್ನು ಆ ಸುತ್ತಿನ ಅಡಿಯಲ್ಲಿ ತೂರಿಸಿ ಎಳೆಯುವವರೆಗೆ ಪ್ರತಿ ಹಂತದಲ್ಲೂ ಕೈ ನಿಲ್ಲಿಸಿ, ಎಲ್ಲರ ಹಗ್ಗವೂ ಅಲ್ಲಿಗೆ ಬಂದಿದೆಯೇ ಎಂದು ನೋಡಬೇಕು. ಆಮೇಲೆ ಗಂಟನ್ನು ಬಿಚ್ಚಿಸಿ, ಕಲಿತವರಿಂದಲೇ ಪಕ್ಕದವರಿಗೆ ಹೇಳಿಕೊಡಿಸಬೇಕು. ನಾಳೆ ಮಕ್ಕಳ ಮುಂದೆ ನಿಲ್ಲುವವರು ಅವರೇ ಆದ್ದರಿಂದ ಗಂಟು ಬಂದರಷ್ಟೇ ಸಾಲದು, ಅದನ್ನು ಕಲಿಸುವ ಬಗೆಯೂ ಕೈಗೆ ಬರಬೇಕು. 40 ನಿಮಿಷದ ಅವಧಿಯಲ್ಲಿ ತರಬೇತುದಾರರ ಮಾತು 10 ನಿಮಿಷ ಮೀರಬಾರದೆಂಬ ಒಪ್ಪಂದವನ್ನು ತಂಡದವರೆಲ್ಲ ಆ ದಿನವೇ ಮಾಡಿಕೊಳ್ಳುವುದು ಒಳ್ಳೆಯದು.

ಶಿಬಿರ ನಡೆಯುವಾಗ

1919ರಲ್ಲಿ ಲಂಡನ್ ಬಳಿಯ ಗಿಲ್ವೆಲ್ ಪಾರ್ಕ್‌ನಲ್ಲಿ ಮೊದಲ ವುಡ್ ಬ್ಯಾಡ್ಜ್ ಶಿಬಿರ ನಡೆದಾಗಲೇ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಮತ್ತು ಅವರ ಸಂಗಡಿಗರು ಹಿರಿಯರನ್ನು ಪೆಟ್ರೋಲ್‌ಗಳಲ್ಲಿ ಸೇರಿಸಿ, ಮಕ್ಕಳು ಬದುಕುವಂತೆಯೇ ಶಿಬಿರದಲ್ಲಿ ಬದುಕುವ ಕ್ರಮವನ್ನು ಹಾಕಿಕೊಟ್ಟರು. ಆದ್ದರಿಂದ ಇಪ್ಪತ್ತು ವರ್ಷ ಸೇವೆ ಸಲ್ಲಿಸಿದ ಮುಖ್ಯ ಶಿಕ್ಷಕರೂ ನಿನ್ನೆ ಸೇರಿದ ಶಿಕ್ಷಕರೂ ಒಂದೇ ಪೆಟ್ರೋಲ್‌ನಲ್ಲಿ ಪಾತ್ರೆ ತೊಳೆಯಬೇಕು. ಪೆಟ್ರೋಲ್ ಲೀಡರ್ ಸ್ಥಾನ ದಿನದಿನವೂ ಬದಲಾಗಲಿ.

ಒಂದು ಹೊತ್ತಿನ ಅಡುಗೆಯನ್ನಾದರೂ ಪೆಟ್ರೋಲ್‌ಗಳೇ ಮಾಡಲಿ. ಒಲೆ ಹೊತ್ತದಿದ್ದಾಗ, ರೊಟ್ಟಿ ಹರಿದಾಗ, ಪಕ್ಕದಲ್ಲಿರುವ ಸಲಹೆಗಾರರಿಗೆ ಕೈಹಾಕುವ ಆಸೆ ಸಹಜವಾಗಿಯೇ ಬರುತ್ತದೆ. ಬೆಂಕಿ ಮತ್ತು ನೀರಿನ ಸುರಕ್ಷತೆಯ ವಿಷಯವಿಲ್ಲದಿದ್ದರೆ ಅವರು ಸುಮ್ಮನಿರಬೇಕು. ಊಟವಾದ ಮೇಲೆ "ನಾಳೆ ಇದನ್ನು ಬೇರೆ ಹೇಗೆ ಹಂಚಿಕೊಳ್ಳುತ್ತೀರಿ?" ಎಂದು ಒಂದೇ ಪ್ರಶ್ನೆ ಕೇಳಿದರೆ ಚರ್ಚೆ ತಾನಾಗಿಯೇ ಬೆಳೆಯುತ್ತದೆ.

ನಾಯಕರು ಎಲ್ಲ ಪಾಠಗಳನ್ನೂ ತಾವೇ ತೆಗೆದುಕೊಳ್ಳುವ ಶಿಬಿರಗಳನ್ನು ನಾವು ನೋಡುತ್ತೇವೆ. ಅದು ಉಳಿದ ತರಬೇತುದಾರರಿಗೆ ಮಾಡುವ ಅನ್ಯಾಯ. ನಾಯಕರ ನಿಜವಾದ ಕೆಲಸ ಸುತ್ತಾಡುತ್ತಾ ಗಮನಿಸುವುದು, ಬಳಲಿದವರನ್ನು ಗುರುತಿಸುವುದು, ವೇಳೆ ಕಾಯುವುದು. ಶಿಬಿರಾಗ್ನಿ ಮುಗಿದ ಬಳಿಕ ತಂಡ 15 ನಿಮಿಷ ಕೂತು, ಯಾವ ಪೆಟ್ರೋಲ್‌ನಲ್ಲಿ ಯಾರು ಮೌನವಾಗಿದ್ದಾರೆ, ಇಂದಿನ ಯಾವ ಪಾಠ ತಲುಪಲಿಲ್ಲ, ನಾಳೆ ಏನನ್ನು ಕೈಬಿಡಬೇಕು ಎಂಬುದನ್ನು ಮಾತಾಡಿಕೊಳ್ಳಬೇಕು. ಸಹ ತರಬೇತುದಾರರ ತಪ್ಪನ್ನು ಶಿಬಿರಾರ್ಥಿಗಳ ಎದುರು ಎತ್ತದೆ, ಅವರೊಬ್ಬರಿಗೇ, ಅದೇ ದಿನ ಹೇಳಬೇಕು.

ಶಿಬಿರದ ನಂತರ

ಪ್ರಮಾಣಪತ್ರ ಹಂಚುವ ಮೊದಲು ಪ್ರತಿ ಶಿಬಿರಾರ್ಥಿಯಿಂದ ಒಂದು ಹಾಳೆಯಲ್ಲಿ ತಮ್ಮ ಶಾಲೆಯ ಮೊದಲ ದಳ ಸಭೆಯ ದಿನಾಂಕ, ವೇಳೆ ಮತ್ತು ಆ ದಿನ ಮಾಡಿಸುವ ಒಂದು ಚಟುವಟಿಕೆಯನ್ನು ಬರೆಸಿಕೊಳ್ಳಿ. ಮೂಲಪ್ರತಿಗೆ ಶಾಲೆಯ ಮುಖ್ಯ ಶಿಕ್ಷಕರ ಸಹಿ ಹಾಕಿಸುವ ಹೊಣೆ ಶಿಬಿರಾರ್ಥಿಯದು. ನಕಲು ಪ್ರತಿಯನ್ನು ಅದೇ ತಾಲ್ಲೂಕಿನ ಅಥವಾ ಪಕ್ಕದ ತಾಲ್ಲೂಕಿನ ತರಬೇತುದಾರರೊಬ್ಬರು ತಮ್ಮ ಬಳಿ ಇಟ್ಟುಕೊಳ್ಳಬೇಕು. ಹಾಳೆಯಲ್ಲಿ ಬರೆದ ಆ ದಿನ ಅವರು ಸಾಧ್ಯವಾದರೆ ಶಾಲೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರಲಿ, ಆಗದಿದ್ದರೆ ಅಂದು ಸಂಜೆ ಫೋನ್ ಮಾಡಲಿ. ಹೀಗೆ ಮೂರು ತಿಂಗಳು ಜೊತೆಗಿರಲು ಒಪ್ಪುವವರನ್ನೇ ತರಬೇತಿ ತಂಡಕ್ಕೆ ಆರಿಸಬೇಕು; ಈ ಮಾತನ್ನು ಅವರನ್ನು ಆಹ್ವಾನಿಸುವ ಪತ್ರದಲ್ಲಿಯೇ ಬರೆದು ಕಳುಹಿಸಿ.