ಬೇಸಿಗೆ ರಜೆಗಳು: ಹೊಸದಾಗಿ ಅಮೆರಿಕಕ್ಕೆ ಬಂದ ಕುಟುಂಬಗಳಿಗೆ

ಊರಲ್ಲಿ ಬೇಸಿಗೆ ರಜೆ ಅಂದರೆ ಏಪ್ರಿಲ್-ಮೇ, ಅಜ್ಜಿ ಮನೆ, ಮಾವಿನಹಣ್ಣು. ಇಲ್ಲಿ ಮೇ ಕೊನೆಯ ಸೋಮವಾರದಿಂದ ಸೆಪ್ಟೆಂಬರ್ ಮೊದಲ ಸೋಮವಾರದವರೆಗೆ ಬೇಸಿಗೆ. ಈಜುಕೊಳ ತೆರೆಯುವುದು, ಮುಚ್ಚುವುದು ಎಲ್ಲಾ ಹೆಚ್ಚಿನ ಕಡೆ ಇದೇ ಲೆಕ್ಕ. ಈ ನಡುವೆ ನಾಲ್ಕು ಸರ್ಕಾರಿ ರಜೆಗಳಿವೆ. ರಜೆ ಸಿಕ್ಕಿತು ಅಂತ ಸುಮ್ನೆ ಹೊರಟುಬಿಡಬೇಡಿ. ಯಾವ ದಿನ ಯಾಕೆ ಅಂತ ತಿಳಿದುಕೊಳ್ಳಿ.

ಮೆಮೋರಿಯಲ್ ಡೇ (ಮೇ ಕೊನೆಯ ಸೋಮವಾರ)

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇವೆ. ನಮ್ಮವರು ಪ್ರತಿ ವರ್ಷ ಎಡವುವುದು ಇಲ್ಲೇ. ಯುದ್ಧದಲ್ಲಿ ಪ್ರಾಣ ಕೊಟ್ಟ ಸೈನಿಕರನ್ನು ನೆನೆಯುವ ದಿನ ಇದು. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ, 1868ರ ಮೇ 30ರಂದು, ಸಮಾಧಿಗಳಿಗೆ ಹೂವಿಡುವ 'ಡೆಕೊರೇಷನ್ ಡೇ' ಆಗಿ ಹಲವು ಊರುಗಳಲ್ಲಿ ನಡೆಯಿತು. 1971ರಿಂದ ಸೋಮವಾರಕ್ಕೆ ಬಂತು. ಅಂಗಡಿಗಳ ಸೇಲ್ ನೋಡಿದರೆ ಹಬ್ಬ ಅನ್ನಿಸುತ್ತದೆ, ಅಲ್ವಾ? ಹಬ್ಬವಲ್ಲ. ಪಿತೃಪಕ್ಷದಲ್ಲಿ ಎಡೆ ಇಡುವ ಮನೆಗೆ ಹೋಗಿ ಯಾರಾದರೂ ಶುಭಾಶಯ ಹೇಳುತ್ತಾರಾ? ಬೆಳಗ್ಗೆ ಎದ್ದು ಆಫೀಸಿನ ಗ್ರೂಪಿಗೆ ಪಟಾಕಿ ಚಿತ್ರದ ಜೊತೆ 'ಹ್ಯಾಪಿ ಮೆಮೋರಿಯಲ್ ಡೇ' ಕಳಿಸುವುದು ದಯವಿಟ್ಟು ಬೇಡ. ಮಗನನ್ನು ಇರಾಕಿನಲ್ಲೋ ಅಫ್ಘಾನಿಸ್ತಾನದಲ್ಲೋ ಕಳೆದುಕೊಂಡ ತಾಯಿ ಅದೇ ಗ್ರೂಪಿನಲ್ಲಿರಬಹುದು. ಬದುಕಿರುವ ಮಾಜಿ ಸೈನಿಕರನ್ನು ಗೌರವಿಸಲು ನವೆಂಬರ್ 11ರ ವೆಟರನ್ಸ್ ಡೇ ಬೇರೆಯೇ ಇದೆ.

ಬೆಳಗ್ಗೆ ಊರಿನ ಪರೇಡಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಧ್ವಜ ಹಾದುಹೋಗುವಾಗ ಎದ್ದು ನಿಂತು ಟೋಪಿ ತೆಗೆಯಿರಿ. ಹಾಗೇ ಹತ್ತಿರದ ಸ್ಮಶಾನಕ್ಕೂ ಹೋಗಿಬನ್ನಿ. 'ಸ್ಮಶಾನಕ್ಕೆ ಮಕ್ಕಳಾ?' ಅಂತ ಮನೆಯ ಹಿರಿಯರು ಮುಖ ಗಂಟಿಕ್ಕುತ್ತಾರೆ, ಗೊತ್ತು. ಇಲ್ಲಿ ಅದು ಮರ, ಹುಲ್ಲು ಇರುವ ಶಾಂತ ಜಾಗ. ಸೈನಿಕರ ಕಲ್ಲುಗಳ ಪಕ್ಕ ಚಿಕ್ಕ ಚಿಕ್ಕ ಧ್ವಜ ನೆಟ್ಟಿರುತ್ತಾರೆ. ಕಲ್ಲಿನ ಮೇಲಿನ ಎರಡು ಇಸವಿ ಓದಿ ಕಳೆದು ನೋಡು ಅಂತ ಮಗುವಿಗೆ ಹೇಳಿ. ಹತ್ತೊಂಬತ್ತು, ಇಪ್ಪತ್ತು ಅಂತ ಉತ್ತರ ಬಂದರೆ ನೀವು ಬೇರೇನೂ ವಿವರಿಸಬೇಕಿಲ್ಲ.

ಜೂನ್‌ಟೀನ್ತ್ (ಜೂನ್ 19)

ಕಪ್ಪು ಜನರು ಗುಲಾಮಗಿರಿಯಿಂದ ಬಿಡುಗಡೆಯಾದದ್ದನ್ನು ನೆನೆಯುವ ದಿನ. ಗುಲಾಮರ ಬಿಡುಗಡೆಯ ಘೋಷಣೆ ಜಾರಿಗೆ ಬಂದದ್ದು 1863ರ ಜನವರಿ 1ರಂದು. ಟೆಕ್ಸಾಸಿನ ಗ್ಯಾಲ್ವೆಸ್ಟನ್‌ನಲ್ಲಿ ಸೇನೆ ಅದನ್ನು ಸಾರಿದ್ದು 1865ರ ಜೂನ್ 19ರಂದು. ಎರಡೂವರೆ ವರ್ಷ ತಡ! ರಾಷ್ಟ್ರೀಯ ರಜೆ ಆದದ್ದು 2021ರಲ್ಲಿ. ಖಾಸಗಿ ಕಂಪನಿಗಳು ರಜೆ ಕೊಡಲೇಬೇಕೆಂದಿಲ್ಲ, ವಿಚಾರಿಸಿಕೊಳ್ಳಿ. 'ನಮಗೇನು ಸಂಬಂಧ' ಅನ್ನಬೇಡಿ. ನಮ್ಮಂಥವರಿಗೆ ಬಾಗಿಲು ತೆರೆದ 1965ರ ವಲಸೆ ಕಾಯ್ದೆ ಬಂದದ್ದು ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದ ಕಾಲದಲ್ಲೇ.

ಜುಲೈ 4

1776ರ ಸ್ವಾತಂತ್ರ್ಯ ಘೋಷಣೆಯ ದಿನ. ಇದಕ್ಕೆ ಧಾರಾಳವಾಗಿ ಶುಭಾಶಯ ಹೇಳಿ.

- ಪಟಾಕಿ ನಿಯಮ ರಾಜ್ಯಕ್ಕೊಂದು ಥರ. ಮ್ಯಾಸಚೂಸೆಟ್ಸ್‌ನಲ್ಲಿ ಮನೆ ಮುಂದೆ ಸುರುಸುರುಬತ್ತಿ ಕೂಡ ಹಚ್ಚುವಂತಿಲ್ಲ.
- ಊರಿನ ಬಾಣಬಿರುಸು ಪೂರ್ತಿ ಕತ್ತಲಾದ ಮೇಲೆ. ಜಮಖಾನ, ಸೊಳ್ಳೆ ಔಷಧಿ ಇರಲಿ.
- ಪಕ್ಕದ ಮನೆಯವರು ಬಾರ್ಬೆಕ್ಯೂಗೆ ಕರೆದರೆ ಹೇಳಿದ ಹೊತ್ತಿಗೇ ಹೋಗಿ. ಸಸ್ಯಾಹಾರಿಗಳಾದರೆ ಮೊದಲೇ ತಿಳಿಸಿ. ಕೈಯಲ್ಲಿ ಕೋಸಂಬರಿಯೋ ಚಿತ್ರಾನ್ನವೋ ಇರಲಿ, ಆದರೆ ಕಡಲೆಕಾಯಿ ಹಾಕಬೇಡಿ. ಅದರ ಅಲರ್ಜಿ ಇಲ್ಲಿ ಕೆಲವರಿಗೆ ಪ್ರಾಣಕ್ಕೇ ಬರುವಂಥದ್ದು.

ಲೇಬರ್ ಡೇ (ಸೆಪ್ಟೆಂಬರ್ ಮೊದಲ ಸೋಮವಾರ)

ದುಡಿಯುವವರ ದಿನ, 1894ರಿಂದ ರಾಷ್ಟ್ರೀಯ ರಜೆ. ಇಲ್ಲಿನ ಕನ್ನಡಿಗರ ಸಂಘಟನೆಗಳಾದ 'ಅಕ್ಕ' ಮತ್ತು 'ನಾವಿಕ'ದ ಸಮ್ಮೇಳನಗಳು ಹೆಚ್ಚಾಗಿ ಇದೇ ವಾರಾಂತ್ಯದಲ್ಲಿ. ಇಷ್ಟು ದೂರದಲ್ಲಿ ಸಾವಿರಾರು ಜನ ಕನ್ನಡದಲ್ಲೇ ಮಾತಾಡುವುದನ್ನು ಮಕ್ಕಳು ಒಮ್ಮೆಯಾದರೂ ಕಣ್ಣಾರೆ ನೋಡಲಿ. ಗೌರಿ-ಗಣೇಶವೂ ಆಸುಪಾಸಿನಲ್ಲೇ ಬರುತ್ತದೆ. ನಿಮ್ಮ ಊರಿನ ಕನ್ನಡ ಸಂಘದ ಹಬ್ಬದ ಕಾರ್ಯಕ್ರಮಕ್ಕೆ ಮಕ್ಕಳ ಹೆಸರು ಜುಲೈನಲ್ಲೇ ಕೊಡಿ. ಹಿಂದಿನ ರಾತ್ರಿ ಫೋನ್ ಮಾಡಿ 'ನಮ್ಮ ಪುಟ್ಟಿಯನ್ನೂ ಸೇರಿಸಿ' ಅಂದರೆ ಆಗುವುದಿಲ್ಲ.